ಅಂಟು

ಲಿಫ್ಟ್ ಕೆಟ್ಟಿತ್ತು. ರಾಜಾಜಿನಗರ ಆರನೇ ಬ್ಲಾಕು, ಮೂರನೇ ಮಹಡಿ.
ಹತ್ತಿದೆವು ಐದು ಜನ: ನಾನು, ಇನ್ನೊಬ್ಬ ಅಧಿಕಾರಿ,
ಪೊಲೀಸಪ್ಪ, ಕ್ಯಾಮೆರಾ ಹುಡುಗ,
ರಟ್ಟಿನ ಮರೆಯನ್ನು ಮಗುವಂತೆ ಕಂಕುಳಲ್ಲಿಟ್ಟ ಜವಾನ ನಿಂಗಯ್ಯ.
ಒಂದು ಓಟಿಗೆ ಅರವತ್ತೆರಡು ಮೆಟ್ಟಿಲು.
ಗಣಿತದ ಟೀಚರು ನಾನು, ಎಣಿಸುವುದು ಚಟ.

ಅಲಮೇಲಮ್ಮನಿಗೆ ತೊಂಬತ್ತೊಂದು.
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ
ಊರಿಂದೂರಿಗೆ ದನಿ ಜೋಡಿಸಿದವರು.
ಈಗ ಕಿವಿ ಮಂದ. ಜರಿಸೀರೆ ಉಡಿಸಿ ಕೂರಿಸಿದ್ದರು.
ಉಪ್ಪಿನಕಾಯಿ ಜಾಡಿ ಸರಿಸಿ
ಊಟದ ಮೇಜಿನ ಮೇಲೆ ಮರೆ ನಿಲ್ಲಿಸಿದೆವು.

"ಎಲ್ಲ ಸ್ವಲ್ಪ ಆಚೆ" ಅಂದೆ. ಸೊಸೆ ಹೋದರು.
ಬೆನ್ನಿಗೆ ಕೈಕೊಟ್ಟು ನಿಂತವಳು ಹೋಗಲಿಲ್ಲ,
ಬಿಟ್ಟರೆ ಅಜ್ಜಿ ವಾಲುತ್ತಾರೆ.
(ಸೊಸೆ ಹೋದರು, ಇವಳು ಹೋಗಲಿಲ್ಲ.
ಬರೆದ ಮೇಲೆ ಕಾಣಿಸಿತು. ಹಾಗೇ ಬಿಟ್ಟಿದ್ದೇನೆ.)
"ಫ್ರೇಮಲ್ಲಿ ಬರ್ತಿದೀಯ, ಬಗ್ಗು" ಅಂದ ಹುಡುಗ.
ಬಗ್ಗಿ, ಮುಖ ಗೋಡೆಗೆ ತಿರುಗಿಸಿದಳು.
ವಿಡಿಯೊದಲ್ಲಿ ಈಗಲೂ ಜರಿ ಅಂಚಿನ ಹಿಂದೆ
ಹಸಿರು ಬಳೆಯ ಒಂದು ಕೈ ಇದೆ.

ಹೆಸರು ದ್ಯಾವಮ್ಮ. ಸುರಪುರದ ಕಡೆ.
ಕಾಫಿ ತಂದಳು. ಕುಡಿಯಬಾರದು, ನಿಯಮ. ಕುಡಿದೆವು.
"ನಂದೂ ಓಟು ಅದರಿ, ಊರಾಗ.
ಬಸ್ಸು ಪುಗಸಟ್ಟೆ ಅದ, ದಿನ ಪುಗಸಟ್ಟೆ ಇಲ್ರಿ.
ಮೂರು ದಿನ ಅಜ್ಜೀನ ಯಾರು ಎತ್ತಿ ಕೂಡಸ್ತಾರ?
ಇಂಥ ಲಕೋಟಿ ನಮಗ ಬರಂಗಿಲ್ಲೇನ್ರಿ?"

ತರಬೇತಿಯಲ್ಲಿ ಕಲಿತದ್ದನ್ನು ಒಪ್ಪಿಸಿದೆ:
ಎಂಬತ್ತೈದು ದಾಟಿದವರಿಗೆ, ಅಂಗವಿಕಲರಿಗೆ,
ಕರ್ತವ್ಯದ ಮೇಲಿರುವವರಿಗೆ...
"ನಾನೂ ಕರ್ತವ್ಯದ ಮ್ಯಾಲೇ ಅದೀನಲ್ರಿ"
ಅಂದು ಲೋಟ ಎತ್ತಿಕೊಂಡು ಹೋದಳು.
ನನ್ನ ಓಟು ಹೋದ ವಾರವೇ ಲಕೋಟೆ ಸೇರಿದೆ
ಅಂತ ನಾನು ಬಾಯಿಬಿಡಲಿಲ್ಲ.

ಗೋಂದಿನ ಬಾಟಲಿ ಏಪ್ರಿಲ್ ಬಿಸಿಲಿಗೆ ಕಲ್ಲಾಗಿತ್ತು.
ಒಳ ಲಕೋಟೆ, ಹೊರ ಲಕೋಟೆ, ಎರಡೂ ಬಾಯಿ ತೆರೆದು ಕೂತವು.
ಅಡುಗೆಮನೆಯಿಂದ ನಾಲ್ಕು ಅಗುಳು ತಂದು
ದ್ಯಾವಮ್ಮ ಹೆಬ್ಬೆರಳಲ್ಲಿ ಅರೆದು ಹಚ್ಚಿದಳು,
ಅಂಗೈಯಲ್ಲಿ ಒತ್ತಿ ಹಿಡಿದಳು,
ಜ್ವರದ ಹಣೆಯನ್ನು ಹಿಡಿದ ಹಾಗೆ.
ಅಲಮೇಲಮ್ಮ ಜೋರಾಗಿ ಕೇಳಿದರು:
"ಲೈನು ಸಿಕ್ತಾ?"

ಎರಡನೇ ಮಹಡಿಯ ಬಾಗಿಲು ಅರ್ಧ ತೆರೆದು ಯಾರೋ:
"ಮೇಡಂ, ಶುಕ್ರವಾರ ರಜೆ ಗ್ಯಾರಂಟಿ ತಾನೆ?
ಮಡಿಕೇರೀಲಿ ರೂಮು ಬುಕ್ ಮಾಡಿದೀವಿ."
ಗ್ಯಾರಂಟಿ ಅಂದೆ.

ಜೀಪಿನಲ್ಲಿ ಕೂತು ವರದಿ ತುಂಬಿದೆ:
ಮನೆ ಒಂದು, ಮತದಾರರು ಒಬ್ಬರು, ಮತ ಒಂದು. ಶೇಕಡಾ ನೂರು.
ಇಳಿಯುವಾಗ ಮೆಟ್ಟಿಲೆಣಿಸುವುದು ಮರೆತಿದ್ದೆ.
ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡ ನಿಂಗಯ್ಯ
ಚಿಂತೆಯಲ್ಲಿದ್ದ.
"ಅನ್ನ ಹಚ್ಚಿದ್ದು ಮೇಡಂ,
ಇರುವೆ ಬಂದಾವು."