ವಿಷಯ: ಇತರೆ

ದುರ್ಗದ ಕಚೇರಿಯ ಹಿಂದಣ ದಫ್ತರಖಾನೆಯಲ್ಲಿ
ಪುಟಕ್ಕೆ ಎಂಬತ್ತು ಪೈಸೆಯಂತೆ
ಹಳೆಯ ಕಾಗದಗಳ ಫೋಟೋ ತೆಗೆಯುತ್ತೇನೆ.
ಕೈಗೆ ಬಿಳಿ ಗವಸು,
ಮೂಗಿಗೆ ಅವ್ವನ ಹಳೇ ಸೀರೆಯ ತುಂಡು.
ಮೂರಕ್ಕೆ ಕರೆಂಟು ಹೋಗುತ್ತದೆ.
ಬೆಟ್ಟದ ಬಂಡೆಯ ಕಾವು ಆಗ ಒಳಬಂದು
ಸಾಕ್ಷಿ ಹೇಳಲು ಬಂದವರ ಹಾಗೆ
ಬೆಂಚಿನ ತುದಿಯಲ್ಲಿ ಕೂರುತ್ತದೆ.

ಕಟ್ಟು ಹದಿನೇಳು. ಕೆಂಪು ದಾರ.
ಬಿಚ್ಚಿದರೆ ಗಂಟು ಇದ್ದ ಕಡೆಯಷ್ಟೇ ಕೆಂಪು,
ಮಿಕ್ಕಿದ್ದೆಲ್ಲ ಆರಿದ ಚಹಾದ ಬಣ್ಣ.
ಪ್ರಜಾಪ್ರತಿನಿಧಿ ಸಭೆ, ದಸರೆಯ ಅಧಿವೇಶನ.
ಅಚ್ಚಾಗಿರುವುದು ಇಂಗ್ಲಿಷಿನಲ್ಲಿ.
ಅದರಲ್ಲಿ ನಮ್ಮೂರು ಚಿತಲ್‌ಡ್ರೂಗ್,
ಅನ್ನದಲ್ಲಿ ಕಲ್ಲು ಕಡಿದವರು ಕೂಗಿದ ಹಾಗೆ.
ಆ ಸಭೆಯಲ್ಲಿ ಕೇಳಬಹುದಿತ್ತಂತೆ,
ತೀರ್ಮಾನಿಸುವಂತಿರಲಿಲ್ಲವಂತೆ.

ಪುಟ ಇನ್ನೂರ ಹದಿನಾಲ್ಕು:
'ಚಳ್ಳಕೆರೆ ತಾಲ್ಲೂಕಿನ ಸದಸ್ಯರು
ಕಂಬಳಿಗಳ ವಿಷಯ ಮಾತನಾಡಿದರು.'
ಪಕ್ಕದಲ್ಲಿ, ಕಂಸದೊಳಗೆ: ನಗು.
ಅಷ್ಟೇ. ಮುಂದಿನ ಸಾಲಿಗೆ ಬೇರೆ ಜಿಲ್ಲೆಯ ಸೇತುವೆ.

ಆ ಪುಟದ ಬೆನ್ನಿಗೆ ಮಾತ್ರ
ಯಾರೋ ಗೋಂದು ಹಚ್ಚಿ ಅಂಟಿಸಿದ್ದಾರೆ
ನಾಲ್ಕು ಮಡಿಕೆಯ ಕನ್ನಡದ ಅರ್ಜಿ.
ಅಕ್ಷರಗಳೆಲ್ಲ ಎಡಕ್ಕೆ ವಾಲಿವೆ,
ಗಾಳಿಗೆ ಬಿದ್ದ ಸಜ್ಜೆ ಹೊಲದಂತೆ:

'ಕಸ್ಬಾ ಗಾದ್ರಪ್ಪ ಬಿನ್ ದೊಡ್ಡೀರಪ್ಪನ ಅರಿಕೆ.
ಸಂತೆಗೆ ಹೊರಟ ಗಾಡಿ ತಡೆದು
ಸುಂಕದ ಕಟ್ಟೆಯವನು ಕಂಬಳಿ ಎಣಿಸುತ್ತಾನೆ.
ಎಣಿಸಲಿ, ಅವನ ಕೆಲಸ.
ಗಾಡಿಯಲ್ಲಿದ್ದದ್ದು ಇಪ್ಪತ್ತು, ಬರೆದದ್ದು ಇಪ್ಪತ್ತೊಂದು.
ಯಾಕಪ್ಪಾ ಅಂದರೆ
ಗಾಡಿ ಹೊಡೆಯುವ ಬೋರನ ಹೆಗಲಿಗೆ ಬೆರಳು ತೋರಿಸಿದ.
ಮಾರ್ಗಶಿರದ ಬೆಳಗಿನ ಜಾವ.
ತೆಗೆದಿಡು ಅಂತ ನಾನೇ ಅಂದೆ, ಸಿಟ್ಟಿಗೆ.
ಬೋರ ತೆಗೆದ.
ಒಳಗೆ ಅಂಗಿ ಇರಲಿಲ್ಲ.
ಮಹಾಪ್ರಭುಗಳು ಒಂದೇ ಮಾತು ಅಪ್ಪಣೆ ಕೊಡಿಸಬೇಕು:
ಹೊದ್ದ ಕಂಬಳಿ ಸರಕೋ, ಮೈಯೋ?'

ಮರುವರ್ಷದ ಪುಸ್ತಕದಲ್ಲಿ
ಅದೇ ಸದಸ್ಯರು ಅದೇ ಮಾತು ಎತ್ತಿದ್ದಾರೆ.
ಈ ಸಲ ನಗು ಇಲ್ಲ.
'ವಿಷಯ ಸರ್ಕಾರದ ಗಮನದಲ್ಲಿದೆ.'
ಅದರಾಚೆ ವರ್ಷ ಹಾಜರಿ ಪಟ್ಟಿಯಲ್ಲಿ
ಗಾದ್ರಪ್ಪನ ಹೆಸರಿನ ಮುಂದೆ ಒಂದು ಚುಕ್ಕೆ,
ಶಾಯಿಯದೋ ನೊಣದ್ದೋ ತಿಳಿಯದು.

'ಅದೇನವ್ವಾ ಅಷ್ಟೊತ್ತು ನೋಡ್ತೀಯ,
ಇನ್ನಾ ನೂರೆಂಬತ್ತು ಹಾಳೆ ಐತೆ'
ಅಂದರು ಅಟೆಂಡರ್ ಪಾಲಯ್ಯ.
ಓದಿ ಹೇಳಿದೆ.
ಬೀಗದ ಗೊಂಚಲು ತೊಡೆಯ ಮೇಲಿಟ್ಟು
ತುಸು ಹೊತ್ತು ಯೋಚಿಸಿದರು.
'ಬೋರನ ಕಂಬ್ಳಿ ಹಳೇದಾ, ಹೊಸದಾ?
ಹೊಸದಾದ್ರೆ ಸರಕು.
ಹಳೇದಾದ್ರೆ ಮೈ.'
ನೂರು ವರ್ಷ ದಾಟಿದ ಮೇಲೆ
ಇತ್ಯರ್ಥವಾಯಿತು, ಒಂದು ಕುರ್ಚಿ, ಒಂದು ಸ್ಟೂಲಿನ ಸಭೆಯಲ್ಲಿ.

ಕರೆಂಟು ಬಂತು.
ಕಂಪ್ಯೂಟರು ಕೇಳಿತು: ವಿಷಯ?
ಪಟ್ಟಿ ಇಳಿಯಿತು:
ಭೂಕಂದಾಯ, ನೀರಾವರಿ, ಅರಣ್ಯ, ರಸ್ತೆ, ಅಬಕಾರಿ.
ಸುಂಕವಿತ್ತು. ಒತ್ತಲು ಹೋಗಿ ಬಿಟ್ಟೆ.
ಅವನು ಕೇಳಿದ್ದು ಸುಂಕವನ್ನಲ್ಲವಲ್ಲ.
ಚಳಿ ಇರಲಿಲ್ಲ. ಹೆಗಲು ಇರಲಿಲ್ಲ.
ಕಡೆಗೆ 'ಇತರೆ' ಒತ್ತಿದೆ.
ಒತ್ತಿದ ಮೇಲೆ ಅನಿಸಿತು,
ಮೈಸೂರಿನ ಆ ಬರವಣಿಗೆಯವನ ಪಕ್ಕ
ನನಗೂ ಒಂದು ಜಾಗ ಕಾದಿತ್ತೆಂದು.
ನಗು ಎಂದು ಬರೆಯುವಾಗ
ಅವನೂ ನಕ್ಕಿದ್ದನೋ ಏನೋ,
ಬರೀ ಕೈ ಓಡಿತ್ತೋ.

ಷರಾ ಕಾಲಂನಲ್ಲಿ ನಲವತ್ತು ಅಕ್ಷರಕ್ಕೆ ಮಾತ್ರ ಜಾಗ.
'ಬೋರ. ಗಾಡಿ ಹೊಡೆಯುವವನು' ಅಂತ ಬರೆದೆ,
ಅಂಗಿಯ ಮಾತು ಬರೆಯಲಿಲ್ಲ,
ಅದು ಅವನಿಗೂ ಬೇಕಿರಲಿಕ್ಕಿಲ್ಲ.
ಬೆನ್ನಿನ ಅರ್ಜಿಯದೂ ಒಂದು ಫೋಟೋ ತೆಗೆದೆ,
ಮಡಿಕೆಗಳನ್ನು ಗವಸು ಕಳಚಿ ಬಿಡಿಸಿ.

ಸಂಜೆ ಲೆಕ್ಕ.
ನಾನು ತೆಗೆದದ್ದು ಇನ್ನೂರ ಹನ್ನೊಂದು,
ಮೇಲ್ವಿಚಾರಕ ಬರೆದದ್ದು ಇನ್ನೂರ ಹತ್ತು.
ಯಾಕೆ ಸಾರ್ ಅಂದರೆ
ಆ ಹಾಳೆಗೆ ಪುಟಸಂಖ್ಯೆ ಇಲ್ಲವಂತೆ.