ಕಿವಿರು ಎತ್ತಿ ನೋಡದೆ

ಮಾರಲಿಕ್ಕೆ ಮೂರು ಸಂತೆ ತೋರಿಸಿದಳು
ತಂಗಿಯ ಮಗಳು ಮನಸ್ವಿ, ನನ್ನದೇ ಫೋನಿನೊಳಗೆ.
ಮೂರಕ್ಕೂ ದಾರಿ ಒಂದೇ, ಹೆಬ್ಬೆರಳು.

ಮೊದಲನೆಯದು ದೇಶಕ್ಕೇ ದೊಡ್ಡದು.
ನೂರಕ್ಕೆ ಹನ್ನೆರಡು ಅವರಿಗೆ,
ಡಬ್ಬಿ, ಥರ್ಮಾಕೋಲು, ಕೊರಿಯರು ನನ್ನ ತಲೆಗೆ.
ಹದಿನೆಂಟು ಕಿಲೋ ಆಂಪ್ಲಿಫೈಯರು
ಬೈತಖೋಲದಿಂದ ಕಾನ್ಪುರಕ್ಕೆ ಹೊರಟರೆ
ಅರಬೈಲು ಘಟ್ಟದ ತಿರುವಿನಲ್ಲೇ
ಟ್ರಾನ್ಸ್‌ಫಾರ್ಮರು ಕಳಚಿ ಕೂತೀತು.
ಅಲ್ಲಿ ‘ಸ್ಥಿತಿ’ ಎಂದೊಂದು ಚೌಕ:
ಹೊಸದರಂತಿದೆ, ಚೆನ್ನಾಗಿದೆ, ಪರವಾಗಿಲ್ಲ, ಗುಜರಿ.
ಒಂದನ್ನೇ ಒತ್ತಬೇಕಂತೆ.
ಅರವತ್ಮೂರು ನನಗೆ. ಅದರ ಜೊತೆಗೇ
ಅದೇ ಉಪ್ಪುಗಾಳಿಯಲ್ಲಿ ನಿಂತವನು.
ಬೆರಳು ಹೋಗಲಿಲ್ಲ.

ಎರಡನೆಯದು ಊರವರದ್ದು, ಪುಕ್ಕಟೆ.
ಹಾಕಿದ ಹತ್ತು ನಿಮಿಷಕ್ಕೆ
‘ಇದೆಯಾ?’ ‘ಲಾಸ್ಟ್ ಎಷ್ಟು?’
‘ಹಳೇ ಸೈಕಲ್ ಕೊಟ್ಟರೆ ಆದೀತಾ?’
ಒಬ್ಬ ನೇವಿಯ ಸಾಹೇಬನಂತೆ,
ದುಡ್ಡು ಈಗಲೇ ಹಾಕ್ತೇನೆ, ಇದನ್ನು ಸ್ಕ್ಯಾನ್ ಮಾಡಿ ಎಂದ.
ಎಲ್ಲಿದ್ದೀರಿ ಎಂದೆ. ಕಾರವಾರ ಬೇಸ್ ಎಂದ.
ಅರಗಾ ಗೇಟಿನೆದುರು ಶೆವಂತಿಬಾಯಿಯ ಚಾದಂಗಡಿ
ಎಡಕ್ಕೋ ಬಲಕ್ಕೋ ಹೇಳು ಮಾರಾಯ ಎಂದೆ.
ಅಲ್ಲಿಗೆ ಅವನ ಹಡಗು ಮುಳುಗಿತು.

ಎರಡರಲ್ಲೂ ಹನ್ನೆರಡು ಫೋಟೊಕ್ಕೆ ಜಾಗ.
ಮುಂದಿನಿಂದ, ಹಿಂದಿನಿಂದ, ತುಕ್ಕು ಹಿಡಿದ ಸ್ಕ್ರೂ ಹತ್ತಿರದಿಂದ.
ಒಂದು ಸದ್ದಿಗೂ ಜಾಗವಿಲ್ಲ.
ಮಾರುವುದು ಸದ್ದಿನ ಯಂತ್ರ!
ಫೋಟೊ ನೋಡಿ ಬಂಗಡೆ ಕೊಂಡವರುಂಟೇ
ನಮ್ಮ ಮೀನು ಮಾರ್ಕೆಟ್ಟಿನಲ್ಲಿ?
ಕಿವಿರು ಎತ್ತಬೇಕು, ಕೆಂಪು ಕಾಣಬೇಕು,
ಒತ್ತಿದ ಬೆರಳನ್ನು ಮಾಂಸ ವಾಪಸು ತಳ್ಳಬೇಕು.

ಮೂರನೆಯದು ಸಣ್ಣದು, ಗೋವೆಯವರು ನಡೆಸುವುದು.
ಇನ್ನೂರೋ ಮುನ್ನೂರೋ ಜನ, ಎಲ್ಲ ಹಳೆ ಸ್ಪೀಕರಿನ ಹುಚ್ಚರು.
ಅಲ್ಲಿ ಚೌಕವಿಲ್ಲ. ಬರೀ ಒಂದು ಪ್ರಶ್ನೆ:
ಯಾಕೆ ಮಾರುತ್ತೀರಿ?

ನಾನು ಬರೆದದ್ದು, ಜಾಗ ಇಲ್ಲ.
ಬರೆಯದೆ ಬಿಟ್ಟದ್ದು,
ಮಾಲಾದೇವಿ ಮೈದಾನದ ಕಬಡ್ಡಿಗೆ
ಇಪ್ಪತ್ತೆಂಟು ವರ್ಷ ಮೈಕು ಕಟ್ಟಿದ ಈ ಕಿವಿಯಲ್ಲಿ
ವರ್ಷದಿಂದ ಒಂದು ಹುಂಕಾರ,
ಹಾಡು ಹಾಕಿದರೆ ಹಾಡಿನ ಅಡಿಯಲ್ಲಿ,
ಸ್ವಿಚ್ಚು ಆರಿಸಿದರೂ ಅರೆಗಳಿಗೆ ಇದ್ದಂತೆ, ಇಲ್ಲದಂತೆ.
ಯಂತ್ರದ್ದೋ ನನ್ನದೋ?
ನನಗೇನೂ ಕೇಳ್ತಿಲ್ಲ ಮಾಮ ಎಂದಿದ್ದಳು ಮನಸ್ವಿ,
ಇಯರ್‌ಫೋನು ತೆಗೆಯದೆ.
ಡಾಕ್ಟರ ಹತ್ತಿರ ಹೋಗುವುದಕ್ಕಿಂತ
ಮಾರಿಬಿಡುವುದು ಸುಲಭ ಕಂಡಿತು.

ಕಾಣಕೋಣದಿಂದ ಎರ್ಮೆಲಿಂಡಾ ಎಂಬವಳ ಕರೆ.
ಪಾವಿನ ಬೇಕರಿಯವಳಂತೆ.
ಫೋಟೊ ಬೇಡ ಎಂದಳು ಕೊಂಕಣಿಯಲ್ಲಿ.
ಕ್ಯಾಸೆಟ್ಟು ಹಾಕಬೇಡಿ. ಏನೂ ಹಾಕಬೇಡಿ.
ವಾಲ್ಯೂಮು ಪೂರ್ತಿ ತಿರುಗಿಸಿ
ಸ್ಪೀಕರಿನ ಬಾಯಿಗೆ ಫೋನು ಹಿಡಿಯಿರಿ.

ಹಿಡಿದೆ.
ಬಂದರಿನಿಂದ ಟ್ರಾಲರು ಹೊರಟ ಸದ್ದು,
ಪಕ್ಕದ ಮನೆಯ ಕುಕ್ಕರು,
ಅದರಡಿ
ಅದು.

ಹುಂ ಅಂತದಲ್ಲ ಎಂದಳು.
ನಿಮಗೂ ಕೇಳ್ತದಾ?
ಕೇಳ್ತದೆ ಎಂದಳು, ಉಪ್ಪಿನ ದರ ಹೇಳಿದ ಹಾಗೆ.
ನಾನು ಸ್ಟೂಲು ಎಳೆದು ಕುಳಿತೆ.

ಅದು ಯಂತ್ರದ್ದೂ ಅಲ್ಲ ಬಾಬ್, ನಿಮ್ಮ ಮನೆಯ ಅರ್ಥಿಂಗಿನದ್ದು.
ಹೋಗಿ ನೀರು ಹೊಯ್ಯಿರಿ.
ಬೇಸಿಗೆಗೆ ಬಿರಿದ ಹಿತ್ತಲ ಗುಂಡಿಗೆ
ಬಾವಿಯ ಎರಡು ಕೊಡ, ಮೇಲೊಂದು ಹಿಡಿ ಕಲ್ಲುಪ್ಪು.
ಊರಿಗೆಲ್ಲ ಮೈಕು ಕಟ್ಟಿದವನಿಗೆ
ಇಷ್ಟು ಹೊಳೆಯಲಿಲ್ಲ ನೋಡಿ.
ಬಂದು ಮತ್ತೆ ತಿರುಗಿಸಿದೆ.
ಟ್ರಾಲರು ದೂರವಾಗಿತ್ತು. ಕುಕ್ಕರು ಇಳಿದಿತ್ತು.
ಅದರಡಿ ಏನೂ ಇರಲಿಲ್ಲ.
ಆ ಏನೂ ಇಲ್ಲದ್ದನ್ನು ಇಬ್ಬರೂ ಕೇಳಿದೆವು,
ಅರ್ಧ ನಿಮಿಷ, ಅವಳ ಕಡೆ ಯಾರೋ
ತಗಡು ಬೀಳಿಸುವವರೆಗೆ.

ಹೆದರುತ್ತ ಐನೂರು ಏರಿಸಿದೆ.
ರಿಪೇರಿ ಹೇಳಿದ್ದಕ್ಕೆ ಸಾವಿರ ಇಳಿಸಿ ಎಂದಳು.
ಆರು ಸಾವಿರದ ಇನ್ನೂರಕ್ಕೆ ಮುಗಿಯಿತು.
ಭಾನುವಾರ ಕದಂಬ ಬಸ್ಸಿಗೆ ಬರುತ್ತಾಳೆ,
ಹತ್ತು ಪಾವು ತರುತ್ತಾಳಂತೆ, ಅದು ದರಕ್ಕೆ ಸೇರಿಲ್ಲ.

ರಾತ್ರಿ ಮನಸ್ವಿ ಉಳಿದೆರಡನ್ನು ಅಳಿಸಲು ಹೋದಳು.
ಮೊದಲನೆಯದು ಇನ್ನೂ ಕೇಳುತ್ತಲೇ ಇತ್ತು:
ಸ್ಥಿತಿ?
‘ಕೇಳ್ತದೆ’ ಎಂದು ಒತ್ತಲು
ಅಲ್ಲಿ ಚೌಕವಿರಲಿಲ್ಲ.