ಟಾಂಕಿಯ ಸುಲೈಬಾದ್

ಮುಹರಕ್ಕಿನ ಹಳೆಯ ಗಲ್ಲಿ,
ಮೂರನೆ ಮಾಳಿಗೆ ಮನೆಯಲ್ಲಿ,
ಮಮ್ಮಿಗೆ ರಾತ್ರಿ ಆಸ್ಪತ್ರೆ ಡ್ಯೂಟಿ,
ಪಪ್ಪನ ಗೊರಕೆ ಸೋಫಾದಲ್ಲಿ.

ನಾಳೆಯೆ ಮಮ್ಮಿಯ ಹುಟ್ಟಿದ ಹಬ್ಬ!
ಲವಿಟಾ ಏಪ್ರನ್ ಕಟ್ಟಿದಳು.
ಮೈದಾ ಜರಡಿಗೆ, ಬೆಣ್ಣೆಗೆ ಸಕ್ಕರೆ,
ಮೊಟ್ಟೆಯ ಫಟ್ಟನೆ ಕುಟ್ಟಿದಳು.

ಆದರೆ ಕಷ್ಟ ಒಂದೇ ಒಂದು:
ಓವನ್ನಿನ ಗಂಟೆ ಕೆಟ್ಟಿತ್ತು.
ಹೋದ ಸಲದ ಕೇಕು, ಪಾಪ,
ಇದ್ದಲ ಹಾಗೆ ಸುಟ್ಟಿತ್ತು.
(ಪಪ್ಪ ಅದನ್ನೂ ತಿಂದರು ಅನ್ನಿ.
"ಚಾಕಲೇಟಾ ಮಗಳೇ?" ಅಂದರು ಅನ್ನಿ.)

ಆಗ
ನಲ್ಲಿಯಲ್ಲಿ ಟುಪ್ಪು.
ನಲ್ಲಿಯಲ್ಲಿ ಟುಪ್ಪು ಟುಪ್ಪು.
ನಲ್ಲಿಯೊಳಗಿಂದ ಒಂದು ಕಾಲು,
ಹುಡುಕಾಡುತ್ತ ಇನ್ನೊಂದು ಕಾಲು,
ಅದರ ಹಿಂದೆ ಹೊಟ್ಟೆ, ಗಡ್ಡ,
ಜಾರಿ ಬಿತ್ತು ಸಿಂಕಿಗೆ ಅಡ್ಡ
ಒದ್ದೆ ಒದ್ದೆ ಭೂತ!

ಕೊರಳಿಗೆ ಬುಟ್ಟಿ, ಕಾಲಿಗೆ ಕಲ್ಲು,
ಮೂಗಿನ ಮೇಲೆ ಬಟ್ಟೆಗೆ ಹಾಕುವ
ಕ್ಲಿಪ್ಪಿನಂಥ ಎಲುಬಿನ ಕ್ಲಿಪ್ಪು.

"ದಬಸ್ಕಾರ!" ಅಂದಿತು ಭೂತ.
"ಹೆದರಬೇಡ ಬಗಳೇ,
ದಾದು ಬೇಲಿದ ಟಾಂಕಿಯ ಭೂತ.
ಕಡಲದು ಬುಚ್ಚಿ ಕಟ್ಟಡವೆದ್ದಾಗ
ಅಲ್ಲಿಗೆ ಹೋದೆ. ಆಗಸ್ಟ್ ಬಂತು.
ಅದು ದೀರಲ್ಲ, ಕುದಿಯುವ ಸಾರು!"

(ಮೂಗು ಹಿಡಿದು ನೀವೂ ಹೇಳಿ,
ನಿಮಗೂ ಹಾಗೇ ಬರುತ್ತೆ.)

ಕಿರುಚೋಣ ಎಂದೇ ಬಾಯಿ ತೆರೆದಳು,
ಬಂದದ್ದು ಮಾತ್ರ ನಗು.
"ಹೆಸರೇನು?"
"ಸುಲೈಬಾದ್."
"ಹೈದರಾಬಾದಿನ ಪಕ್ಕದ ಊರಾ?"
"ಊರಲ್ಲ ಬಗೂ, ಅದು ದದ್ದ ಹೆಸರು!"
"ಕನ್ನಡ ಹೇಗೆ ಕಲಿತೆ ಮತ್ತೆ?"
"ಖರ್ಜೂರ ಹೇರಿದ ಹಡಗಲಿ ಕೂತು
ಬಂಗಳೂರಿಗೆ ಹೋಗಿದ್ದೆ."
"ಸುಳ್ಳು! ಅಲ್ಲಿ ಕಡಲೇ ಇಲ್ಲ!"
ಭೂತಕೆ ಕೊಂಚ ಬೇಜಾರಾಯ್ತು.

"ಬುತ್ತು ಹೆಕ್ಕುವ ಕೆಲಸ ದದ್ದದು,
ಕಡಲಿದ ತಳಕೆ ಇಳಿಯುತ್ತಿದ್ದೆ."
"ಬುತ್ತಿಯಾ? ಊಟದ ಬುತ್ತಿಯಾ?"
"ಬುತ್ತು! ಬುತ್ತು! ಬಿಳಿ, ದುಂಡು!
ಒಂದೇ ಉಸಿರು ಹಿಡಿಯಬೇಕು:
ಬದುಕಿದ್ದಾಗ ಎರಡೇ ದಿಬಿಷ,
ಸತ್ತ ಬೇಲೆ ದಲವತ್ತು!"

"ನಲವತ್ತಾ?" ಲವಿಟಾ ಕುಣಿದಳು.
"ಕೇಕಿಗೆ ಬೇಕು ಅಷ್ಟೇ ಹೊತ್ತು!"

ಭೂತ ಕೂತಿತು ಓವನ್ನಿನೆದುರು,
ಗಲ್ಲ ಉಬ್ಬಿ ಪೂರಿ.
ಮೊದಲು ನೀಲಿ, ಆಮೇಲೆ ಹಸಿರು,
ಆಮೇಲೆ ಗಾಜಿನ ಹಾಗೆ.
ಅದರ ಹೊಟ್ಟೆಯ ಮೂಲಕವೇ
ಫ್ರಿಜ್ಜಿಗಂಟಿದ ಹಾಲಿನ ಲೆಕ್ಕ
ಲವಿಟಾ ಓದಿಬಿಟ್ಟಳು.

"ಫೂ...!"

ಮೈದಾ ಎದ್ದಿತು, ಪರದೆ ಹಾರಿತು,
"ಏಸಿ ಕಡಿಮೆ ಮಾಡೇ ಮಗಳೇ,"
ನಿದ್ದೆಯಲ್ಲೇ ಪಪ್ಪ.

ಓವನ್ ತೆರೆದರೆ
ಅಂಗೈ ಒತ್ತಿದರೆ ಮೇಲೆ ಪುಟಿವ
ಹೊಂಬಣ್ಣದ ಕೇಕು!
"ಆಹಾ, ವಾಸನೆ ನೋಡು!" ಅಂದಳು.
ಭೂತ ಸುಮ್ಮನೆ ನಿಂತಿತ್ತು.
"ವಾಸದೆ ಅಂದರೆ ಹೇಗಿರುತ್ತೆ?
ದೂರು ವರುಷ... ಬರೆತೇ ಹೋಯ್ತು."

ಲವಿಟಾ ಸ್ಟೂಲು ಎಳೆದು ಹತ್ತಿ
ಕ್ಲಿಪ್ಪನು ಹಿಡಿದು ಎಳೆದಳು.
ಬರಲಿಲ್ಲ. ಮತ್ತೆ ಎಳೆದಳು.
ಟಪ್!

ಭೂತ ಮೂಗಿನ ತುಂಬ ಎಳೆದುಕೊಂಡಿತು.
ನಲ್ಲಿಯ ಟುಪ್ಪೂ ನಿಂತುಹೋಯಿತು.

"ಏಲಕ್ಕಿ," ಅಂದಿತು ಮೆಲ್ಲಗೆ.
"ನನ್ನ ಅಮ್ಮನ ಕೈ."

ಆಮೇಲೆ ತಾನೇ ಬೆಚ್ಚಿಬಿದ್ದು,
"ನನ್ನ! ಅಮ್ಮನ! ಕೇಳಿದೆಯಾ?
ನಾನು ಸುಲೈಮಾನ್! ಸು-ಲೈ-ಮಾನ್!
ಮುತ್ತು! ಮುತ್ತು! ಮಂಗಳೂರು!"

"ಮೊದಲೇ ಹೇಳಬಾರದಿತ್ತಾ?
ಸುಲೈಮಾನಿಗೆ ಸುಲೈಮಾನಿ!"
ಹಾಲಿಲ್ಲದ ಚಹಾ ಕಾಸಿ
ಲಿಂಬೆ ಹಿಂಡಿ ಕೊಟ್ಟಳು.
ಕುಡಿದದ್ದೆಲ್ಲ ಹೊಟ್ಟೆ ದಾಟಿ
ನೆಲಕೆ ಸುರಿದು ಹೋಯಿತು.
ಆದರೂ ಭೂತ ಮೂರು ಲೋಟ
"ಚೆನ್ನಾಗಿದೆ" ಅಂತ ಕುಡಿಯಿತು.

ಬೆಳಗ್ಗೆ ಆರೂವರೆಗೆ ಮಮ್ಮಿ
ಚಪ್ಪಲಿ ಬಿಟ್ಟು ಒಳಗೆ ಬಂದರೆ
ಮೇಜಿನ ಮೇಲೆ ಕೇಕು.
ಒಂದು ತುಂಡು ಇಲ್ಲ.
ನೆಲವೆಲ್ಲ ಒದ್ದೆ.
ಎಲುಬಿನ ಕ್ಲಿಪ್ಪು ಮೂಗಿಗೆ ಸಿಕ್ಕಿಸಿ
ಲವಿಟಾ ಕೂಗಿದಳು:

"ಹ್ಯಾಪಿ ಬರ್ತ್‌ಡೇ ಬಬ್ಬೀ!"

"ಅಯ್ಯೋ, ಶೀತವಾ ಮಗಳೇ?"

ನಲ್ಲಿಯೊಳಗೆ ಯಾರೋ ನಕ್ಕರು.
ಟುಪ್ಪು.